ಇಪ್ಪತ್ತಾರು ಕಿಲೋ ಚೀಲದ ಪೇಟೆ

ಚಾಮರಾಜನಗರ ಬಿಟ್ಟ ಬಸ್ಸು ಪುಣಜನೂರಿನ ಚೆಕ್‌ಪೋಸ್ಟ್ ದಾಟಿ, ಹಾಸನೂರಿನಲ್ಲಿ ಟೀಗೆ ನಿಂತು, ದಿಂಬಂ ಘಾಟಿಯ 27 ತಿರುವುಗಳನ್ನು ಒಂದೊಂದಾಗಿ ಇಳಿದು ಸತ್ಯಮಂಗಲದ ಬಯಲಿಗೆ ಬರುವ ಹೊತ್ತಿಗೆ ಕಿಟಕಿಯ ಗಾಳಿ ಬಿಸಿಯಾಗಿರುತ್ತದೆ. ಗೋಬಿಚೆಟ್ಟಿಪಾಳ್ಯದವರೆಗೂ ಭವಾನಿ ನೀರಿನ ಕೃಪೆ. ಭತ್ತ, ಬಾಳೆ, ಅರಿಶಿನ, ನೋಡಿದಲ್ಲೆಲ್ಲ ಹಸಿರು. ಪೆರುಂದುರೈ ದಾಟಿ, ಮಗ್ಗದ ಸದ್ದಿನ ಚೆನ್ನಿಮಲೈ ಹಾದು ಮುಂದೆ ಹೋದರೆ ಆ ಹಸಿರು ಹಿಂದೆ ಉಳಿಯುತ್ತದೆ. ಜಲ್ಲಿ ಬೆರೆತ ಕೆಂಪು ನೆಲ, ಮುಳ್ಳುಗಿಡಗಳನ್ನೇ ಒತ್ತೊತ್ತಾಗಿ ನೆಟ್ಟು ಬೆಳೆಸಿದ ಬೇಲಿ, ಬೇಲಿಯೊಳಗೆ ಮೊಳಕಾಲುದ್ದದ ಒಣಹುಲ್ಲು, ಅಲ್ಲೊಂದು ಇಲ್ಲೊಂದು ಬಿಳಿಜಾಲಿ ಮರ, ಅದರ ನೆರಳಿನಲ್ಲಿ ಮೆಲುಕು ಹಾಕುವ ಬೂದುಬಣ್ಣದ ಹಸು. ಇಂಥ ಬೇಲಿಗಟ್ಟಿದ ಹುಲ್ಲುಗಾವಲಿಗೆ ಇಲ್ಲಿಯವರು ಕೊರಂಗಾಡು ಎನ್ನುತ್ತಾರೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ದನ ಸಾಕಿ ಬದುಕಲು ಹಿಂದಿನವರು ಕಂಡುಕೊಂಡ ಉಪಾಯ ಅದು. ಇನ್ನೇನು ಊರು ಬಂತು ಅನ್ನುವಾಗ ಮೂಗಿಗೆ ಕೊಬ್ಬರಿಯ ವಾಸನೆ ತಾಗುತ್ತದೆ. ಸಿಹಿ, ಜಿಡ್ಡು, ಅದರ ಹಿಂದೆಯೇ ಸುಟ್ಟ ಕರಟದ ಹೊಗೆ. ಕಾಂಗೇಯಂ ಬಂತು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಿಂತಲ್ಲೇ ಒಂದು ಸುತ್ತು ತಿರುಗಿ ನೋಡಿ. ಒಂದು ರಸ್ತೆ ತಿರುಪ್ಪೂರಿಗೆ, ಒಂದು ಧಾರಾಪುರಕ್ಕೆ, ಒಂದು ಚೆನ್ನಿಮಲೈ ಮೇಲೆ ಈರೋಡಿಗೆ; ಇವುಗಳ ನಡುವೆ ಹಾದುಹೋಗುವುದು ಕೊಯಮತ್ತೂರಿನಿಂದ ತಿರುಚಿನಾಪಳ್ಳಿಗೆ ಹೋಗುವ ಹೆದ್ದಾರಿ. ರಸ್ತೆಗಳು ಕೂಡುವ ಜಾಗವೇ ಪೇಟೆ. ಲಾರಿ, ಟೌನ್ ಬಸ್ಸು, ಮೊಪೆಡ್ಡಿನ ಮುಂದೆ ಹಿಂಡಿಯ ಮೂಟೆ ಇಟ್ಟುಕೊಂಡ ರೈತ, ಇವರೆಲ್ಲರ ನಡುವೆ ಅವಸರವಿಲ್ಲದೆ ರಸ್ತೆ ದಾಟುವ ಒಂದು ಬಿಡಾಡಿ ದನ. ಹಾರ್ನ್ ಎಷ್ಟೇ ಕೂಗಲಿ, ಮಾತು ಮಾತ್ರ ಮೆತ್ತಗೆ. ಕೊಂಗು ಎನ್ನುವ ಈ ಸೀಮೆಯ ತಮಿಳಿನಲ್ಲಿ ಪ್ರತಿ ವಾಕ್ಯದ ಬಾಲಕ್ಕೂ ಒಂದು ಮರ್ಯಾದೆಯ ‘ಂಗ’ ಅಂಟಿಕೊಂಡಿರುತ್ತದೆ. ಕಂಡಕ್ಟರು ಚಿಲ್ಲರೆಗಾಗಿ ಜಗಳ ಆಡುವಾಗಲೂ ಅದನ್ನು ಬಿಡುವುದಿಲ್ಲ.

ಪೇಟೆಬೀದಿಯಲ್ಲಿ ನಿಧಾನವಾಗಿ ನಡೆಯೋಣ. ಸ್ಟೀಲ್ ಪಾತ್ರೆ ಅಂಗಡಿಯ ಮುಂದೆ ಸರಪಳಿಗೆ ಕಟ್ಟಿದ ಕೊಡಗಳು, ಅದರ ಪಕ್ಕ ಹಗ್ಗ, ಮೂಗುದಾರ, ಕೊರಳಗೆಜ್ಜೆ, ಕೊಂಬಿಗೆ ಬಳಿಯುವ ಬಣ್ಣ ಮಾರುವ ಅಂಗಡಿ, ಅದರ ಎದುರು ಮೊಬೈಲ್ ಕವರ್, ಅದರಾಚೆ ಚಿನ್ನದ ಗಿರವಿ. ಮೆಡಿಕಲ್ ಸ್ಟೋರಿನ ಬೋರ್ಡಿನಲ್ಲಿ ತಮಿಳು ದಪ್ಪಗೆ, ಇಂಗ್ಲಿಷ್ ಅದರ ಕೆಳಗೆ ಸಣ್ಣಗೆ. ಇದು ಅಂಗಡಿಯವರ ಭಾಷಾಭಿಮಾನವೊಂದರ ಕೆಲಸವಲ್ಲ. ತಮಿಳುನಾಡಿನ ಅಂಗಡಿ ನಿಯಮದಲ್ಲಿ ನಾಮಫಲಕದ ಜಾಗ ಹಂಚಿಕೆಯಾಗಿದೆ: ತಮಿಳಿಗೆ 5 ಪಾಲು, ಇಂಗ್ಲಿಷಿಗೆ 3, ಮತ್ತೊಂದು ಭಾಷೆ ಬೇಕಿದ್ದರೆ ಅದಕ್ಕೆ 2. ನಮ್ಮಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನು ತಿದ್ದಿದಾಗ ಎಷ್ಟು ಗದ್ದಲವಾಯಿತು! ಇಲ್ಲಿ ಆ ಲೆಕ್ಕ ಹಳೆಯದಾಗಿ, ಗೋಡೆಯ ಸುಣ್ಣದಲ್ಲಿ ಸೇರಿಹೋಗಿದೆ. ಆ ಎರಡು ಪಾಲಿನ ಮೂರನೆಯ ಭಾಷೆ ಈಗ ನಿಧಾನವಾಗಿ ಕಾಣಿಸುತ್ತಿರುವುದು ರೀಚಾರ್ಜ್ ಅಂಗಡಿಗಳಲ್ಲಿ, ಗಿರಣಿ ಕೆಲಸಕ್ಕೆ ಬಂದ ಉತ್ತರದ ಹುಡುಗರಿಗಾಗಿ ಬರೆದ ಒಂದು ಸಾಲು ಹಿಂದಿಯಾಗಿ.

ಬೋರ್ಡುಗಳಲ್ಲಿ ಅಕ್ಷರಕ್ಕಿಂತ ಹೆಚ್ಚು ಎದ್ದು ಕಾಣುವುದು ಹೋರಿ. ಹೋಟೆಲಿನ ಮೇಲೆ, ಕಬ್ಬಿಣದಂಗಡಿಯ ಮೇಲೆ, ಟೆಂಪೋದ ಹಿಂಬದಿಯಲ್ಲಿ, ಹುಡುಗರ ಟೀಶರ್ಟಿನ ಎದೆಯ ಮೇಲೆ, ಎಲ್ಲೆಲ್ಲೂ ಭುಜ ಏರಿಸಿ ನಿಂತ ಕಾಂಗೇಯಂ ಹೋರಿ. ಹುಟ್ಟುವಾಗ ಈ ತಳಿಯ ಕರು ಕೆಂಪು. ಆರು ತಿಂಗಳಾಗುವಷ್ಟರಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಹೋರಿಯಾದರೆ ಭುಜ, ಕತ್ತು, ಸೊಂಟದ ಕಡೆ ಕಪ್ಪೇರುತ್ತದೆ. ನಮ್ಮ ಹಳ್ಳಿಕಾರ್ ನೋಡಿದ ಕಣ್ಣಿಗೆ ಇದು ದೂರದ ನೆಂಟ ಅನ್ನಿಸಿದರೆ ಆಶ್ಚರ್ಯವಿಲ್ಲ, ಇದರ ಮೈಕಟ್ಟು ಇನ್ನಷ್ಟು ಭಾರ ಅಷ್ಟೇ. ಹತ್ತಿರದ ಪಾಳಯಕೋಟ್ಟೈನ ಪಟ್ಟಗಾರರೆಂಬ ಜಮೀನುದಾರ ಮನೆತನ ಒಳ್ಳೆಯ ಹೋರಿಗಳನ್ನು ಆರಿಸಿ ಸಾಕಿ ಈ ತಳಿಯನ್ನು ಹದಕ್ಕೆ ತಂದಿತು. ಅದೇ ಊರಿನಲ್ಲಿ ಈಗ ಭಾನುವಾರದ ದನದ ಸಂತೆ ನಡೆಯುತ್ತದೆ. ಗಾಡಿ, ಕಪಿಲೆ, ನೇಗಿಲು ಎಲ್ಲ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಹೋರಿಗೆ ಕೆಲಸ ಕಡಿಮೆಯಾಯಿತು. ಕೆಲಸ ಹೋದ ಹೋರಿಗೆ ಹೊಸ ಕೆಲಸ ಸಿಕ್ಕಿದ್ದು 2017ರ ಜನವರಿಯಲ್ಲಿ. ನಿಷೇಧವಾಗಿದ್ದ ಜಲ್ಲಿಕಟ್ಟಿಗಾಗಿ ಚೆನ್ನೈನ ಮರೀನಾ ಕಡಲತಡಿಯಲ್ಲಿ ಲಕ್ಷಾಂತರ ಜನ ಕೂತಾಗ ಈ ಸೀಮೆಯ ಹೋರಿಯ ನೆರಳುಚಿತ್ರ ಒಂದು ಧ್ವಜವೇ ಆಗಿಬಿಟ್ಟಿತು. ಅಂದಿನಿಂದ ಪೇಟೆಯ ಬೋರ್ಡಿನಲ್ಲಿ ಹೋರಿ ಬರೆಸುವುದೆಂದರೆ ಊರ ಹೆಮ್ಮೆಯೂ ಹೌದು, ಸಣ್ಣದೊಂದು ರಾಜಕೀಯ ಹೇಳಿಕೆಯೂ ಹೌದು.

ಅಕ್ಕಿ ಮಂಡಿಯ ಮುಂದೆ ಸ್ವಲ್ಪ ನಿಲ್ಲಿ. ನೆಲದಿಂದ ಸೂರಿನವರೆಗೆ ಒಟ್ಟಿದ ಚೀಲಗಳು. ಬಿಳಿ ಪ್ಲಾಸ್ಟಿಕ್ ನೂಲಿನ ಮೇಲೆ ನವಿಲು, ತಾವರೆ, ದೇವರು, ಸಿನಿಮಾ ನಟಿಯನ್ನು ಹೋಲುವ ಗೃಹಿಣಿ. ಒಳಗೆ ಅಕ್ಕಿಯ ತೌಡಿನ ಸಣ್ಣ ಧೂಳು ಬಿಸಿಲಕೋಲಿನಲ್ಲಿ ತೇಲುತ್ತಿದೆ. ಕಾಂಗೇಯಂ ಸುತ್ತಮುತ್ತ ಅಕ್ಕಿ ಗಿರಣಿಗಳು ಸಾಲುಗಟ್ಟಿವೆ. ಈ ಒಣನೆಲದಲ್ಲಿ ಇಷ್ಟು ಭತ್ತ ಬೆಳೆಯುವುದಿಲ್ಲ. ಕಾವೇರಿ ಡೆಲ್ಟಾದಿಂದ ಬರುತ್ತದೆ, ನಮ್ಮ ಕರ್ನಾಟಕದಿಂದಲೂ ಬರುತ್ತದೆ, ಇಲ್ಲಿ ಬೆಂದು, ಒಣಗಿ, ಹೊಳಪು ಪಡೆದು ಊರೂರಿಗೆ ಹೋಗುತ್ತದೆ. ಚೀಲದ ಮೂಲೆಯಲ್ಲಿ ಅಚ್ಚಾದ ತೂಕ ಓದಿದರೆ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. 25 ಅಲ್ಲ, 26 ಕಿಲೋ.

ಆ ಒಂದು ಕಿಲೋ ದೆಹಲಿಯಿಂದ ಬಂದದ್ದು. 2022ರ ಜುಲೈ 18ರಿಂದ, ಮೊದಲೇ ತುಂಬಿ ಲೇಬಲ್ ಅಂಟಿಸಿದ 25 ಕಿಲೋವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. 25 ಕಿಲೋ ದಾಟಿದ ಚೀಲಕ್ಕೆ ಇಲ್ಲ. ಅದಕ್ಕೂ ಎರಡು ದಿನ ಮುಂಚೆ ತಮಿಳುನಾಡಿನ ಗಿರಣಿಗಳೂ ಅಕ್ಕಿ ಅಂಗಡಿಗಳೂ ಬಾಗಿಲು ಹಾಕಿ ಪ್ರತಿಭಟಿಸಿದವು, ಮನವಿಪತ್ರ ಕೊಟ್ಟವು. ಆಮೇಲೆ ಹೊಸ ಚೀಲಕ್ಕೆ ಆರ್ಡರ್ ಕೊಟ್ಟವು. ವ್ಯಾಪಾರಿಯ ಬುದ್ಧಿಗೆ ಕಾನೂನಿನ ಬೇಲಿಯಲ್ಲಿ ಸಂದಿ ಕಾಣಿಸಲು ವಾರವೂ ಬೇಕಾಗಲಿಲ್ಲ. ಚೀಲವನ್ನು ಬೆನ್ನಿಗೇರಿಸಿಕೊಳ್ಳುತ್ತಿದ್ದ ಹಮಾಲಿಯನ್ನು ಕೇಳಿದರೆ ಅವನ ಲೆಕ್ಕ ಬೇರೆ. ತಲೆಯ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ, “ತೆರಿಗೆ ಇಳಿದದ್ದು ಅವರಿಗೆ, ತೂಕ ಏರಿದ್ದು ನಮಗೆ” ಅಂದ. ಮಂಡಿಯ ಯಜಮಾನ ಗಲ್ಲಾಪೆಟ್ಟಿಗೆಯ ಹಿಂದಿನಿಂದ ನಕ್ಕ. ಹಮಾಲಿ ನಗಲಿಲ್ಲ.

ಪೇಟೆಯಿಂದ ಹೊರಗೆ ಯಾವ ದಿಕ್ಕಿಗೆ ಹೋದರೂ ಸಿಗುವುದು ಕೊಬ್ಬರಿಯ ಕಣ. ಹತ್ತೆಂಟು ಮನೆ ಕಟ್ಟಬಹುದಾದಷ್ಟು ಅಗಲದ ಸಿಮೆಂಟು ನೆಲ, ಅದರ ಮೇಲೆ ಬಾಯಿ ಮೇಲೆ ಮಾಡಿ ಹರಡಿದ ತೆಂಗಿನ ಹೋಳುಗಳು. ಬೆಳಗಿನ ಹತ್ತರ ಬಿಸಿಲಿಗೆ ಆ ಬಿಳುಪು ಕಣ್ಣು ಕುಕ್ಕುತ್ತದೆ. ಒಂದು ಮೂಲೆಯಲ್ಲಿ ಐದಾರು ಹೆಂಗಸರು, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಕೂತಿದ್ದಾರೆ. ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು. ಕಾಯಿಯ ನಡುಗೆರೆಗೆ ಒಂದೇ ಏಟು. ಎರಡನೆಯ ಏಟು ಹಾಕಿದವಳನ್ನು ಪಕ್ಕದವಳು ಛೇಡಿಸುತ್ತಾಳೆ. ನೀರು ಮೊಣಕೈಗುಂಟ ಹರಿದು ಕಾಲುವೆಗೆ ಇಳಿಯುತ್ತದೆ. ಅಲ್ಲಿ ಹುಳಿತ ಎಳನೀರಿನ ವಾಸನೆ, ನೊಣ, ಕಾಗೆ. ಕಾಗೆ ಓಡಿಸಲು ಒಬ್ಬ ಮುದುಕ ಕೊಡೆ ಹಿಡಿದು ಕಣದ ಅಂಚಿನಲ್ಲಿ ಸುತ್ತುತ್ತಾನೆ. ಎರಡು ದಿನದ ಬಿಸಿಲಿಗೆ ತಿರುಳು ಕರಟ ಬಿಡುತ್ತದೆ. ಆಗ ಎಬ್ಬಿಸಿ ತೆಗೆದು, ಮತ್ತೆ ನಾಲ್ಕೈದು ದಿನ ಒಣಗಿಸಿ, ಬಣ್ಣ ನೋಡಿ ಬೇರೆ ಮಾಡಿ, ಗಾಣಕ್ಕೆ. ಕೈಗೆ ಬಂದ ಒಂದು ಹೋಳನ್ನು ಮುರಿದು ನೋಡಿದೆ. ಟಕ್ ಎಂದು ಮುರಿಯಿತು. ಮೇಸ್ತ್ರಿ ಆ ಸದ್ದಿಗೆ ತಲೆಯಾಡಿಸಿದ. ಸದ್ದು ಮೆತ್ತಗಿದ್ದರೆ ಒಳಗೆ ತೇವ ಇದೆ, ನಾಳೆ ಬೂಷ್ಟು ಹಿಡಿಯುತ್ತದೆ. ಮೋಡ ಕಟ್ಟಿದ ದಿನಗಳಲ್ಲಿ ಬೂಷ್ಟಿಗೆ ಹೆದರಿ ಗಂಧಕದ ಹೊಗೆ ಕೊಡುವವರೂ ಉಂಟು. ಅದರ ಮೇಲೆ ಆಹಾರ ಸುರಕ್ಷತಾ ಅಧಿಕಾರಿಗಳು ಬಂದು ಬೀಳುವುದೂ ಉಂಟು.

ನಮ್ಮ ತಿಪಟೂರಿನವರಿಗೆ ಈ ಕಣ ನೋಡಿದರೆ ಎದೆ ಧಸಕ್ಕೆನ್ನಬಹುದು. ಅಲ್ಲಿ ಕಾಯಿಯನ್ನು ಒಡೆಯುವ ಮಾತೇ ಇಲ್ಲ. ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಕಾದು, ಅಲುಗಾಡಿಸಿದರೆ ಒಳಗೆ ಗೋಲಿ ಉರುಳಿದಂತೆ ಸದ್ದು ಬಂದ ಮೇಲೆ ಸುಲಿದು ತೆಗೆಯುವ ಇಡೀ ಗಿಟುಕು ಅದು. ಉತ್ತರ ಭಾರತದ ಮಿಠಾಯಿಗೆ, ಹಬ್ಬಕ್ಕೆ, ಮದುವೆಯ ಮಡಿಲಿಗೆ ಹೋಗುವ ಉಂಡೆ ಕೊಬ್ಬರಿ. ಇಲ್ಲಿಯದು ಎಣ್ಣೆಗೆಂದೇ ಒಡೆದದ್ದು. ಸರ್ಕಾರವೂ ಎರಡಕ್ಕೂ ಬೇರೆ ಬೇರೆ ಬೆಂಬಲ ಬೆಲೆ ಬರೆಯುತ್ತದೆ: 2025ರ ಹಂಗಾಮಿಗೆ ಎಣ್ಣೆ ಕೊಬ್ಬರಿಗೆ ಕ್ವಿಂಟಲಿಗೆ ₹11,582, ಉಂಡೆಗೆ ₹12,100. ಎರಡೂ ಊರು ಪರಸ್ಪರ ದರ ನೋಡುತ್ತಲೇ ಇರುತ್ತವೆ. 2023ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ 8,000ದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿದಾಗ ಕಾಂಗೇಯದ ಕಣದಲ್ಲೂ ಮುಖಗಳು ಬಾಡಿದ್ದವು. 2025ರ ನಡುವಿಗೆ ಅದೇ ಕೊಬ್ಬರಿ 20,000 ದಾಟಿ ಓಡಿದಾಗ ಇಲ್ಲಿ ರೈತರು ನಕ್ಕರು, ಗಾಣದವರು ತಲೆಯ ಮೇಲೆ ಕೈಹೊತ್ತರು. ಕೊಬ್ಬರಿಗೆ ಹಣ ಸುರಿದು ಎಣ್ಣೆ ತೆಗೆದರೆ, ಆ ದರಕ್ಕೆ ಕೊಳ್ಳುವವರು ಕೈಬಾಟಲಿಯನ್ನು ಅರ್ಧ ತುಂಬಿಸಿಕೊಂಡು ಹೋಗುತ್ತಿದ್ದರು. ಕೊಚ್ಚಿಯ ದರದ ಜತೆಗೆ ಕಾಂಗೇಯದ ದರವನ್ನೂ ದೇಶದ ವಾಣಿಜ್ಯ ಪತ್ರಿಕೆಗಳು ಅಚ್ಚು ಹಾಕುತ್ತವೆ. ಮೂವತ್ತು ಸಾವಿರ ಚಿಲ್ಲರೆ ಜನಸಂಖ್ಯೆಯ ಊರಿಗೆ ಇದು ಸಣ್ಣ ಪ್ರತಿಷ್ಠೆಯೇನಲ್ಲ.

ಗಾಣದಿಂದ ಅಂಗಡಿಗೆ ಬಂದ ಎಣ್ಣೆಯ ಕತೆ ಇನ್ನೂ ತಮಾಷೆಯದು. ಒಂದೇ ಡ್ರಮ್ಮಿನ ಎಣ್ಣೆ. ದೊಡ್ಡ ಕ್ಯಾನಿಗೆ ತುಂಬಿ ಅಡುಗೆಯ ಎಣ್ಣೆ ಅಂದರೆ ಶೇ 5 ತೆರಿಗೆ. ಸಣ್ಣ ಬಾಟಲಿಗೆ ತುಂಬಿದರೆ ತೆರಿಗೆ ಇಲಾಖೆ, ಇದು ತಲೆಗೂದಲಿನ ಎಣ್ಣೆ, ಶೇ 18 ಕೊಡಿ ಅನ್ನುತ್ತಿತ್ತು. ಸೇಲಂನ ಕೇಂದ್ರ ಅಬಕಾರಿ ಸುಂಕದ ಕಚೇರಿಯಿಂದ ಎದ್ದ ಈ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳಿಗೇ ಒಮ್ಮತವಾಗಲಿಲ್ಲ. ಮೂವರ ಪೀಠ 2024ರ ಡಿಸೆಂಬರ್ 18ರಂದು, ಬಾಟಲಿ ಸಣ್ಣದಾದ ಮಾತ್ರಕ್ಕೆ ಎಣ್ಣೆ ಅಡುಗೆಮನೆ ಬಿಟ್ಟು ಸ್ನಾನದ ಮನೆಗೆ ಹೋಗುವುದಿಲ್ಲ ಎಂಬರ್ಥದ ತೀರ್ಪು ಕೊಟ್ಟಿತು. ಗೆದ್ದ ಸಂಭ್ರಮ ಇಳಿಯುವ ಮೊದಲೇ, 2025ರ ಸೆಪ್ಟೆಂಬರ್ 22ರಿಂದ ತಲೆಗೆ ಹಚ್ಚುವ ಎಣ್ಣೆಯ ತೆರಿಗೆಯೂ ಶೇ 5ಕ್ಕೇ ಇಳಿಯಿತು. ಇಲ್ಲಿಯ ಹೆಂಗಸರು ಮೊದಲಿನಿಂದಲೂ ಒಂದೇ ಬಾಟಲಿಯಿಂದ ಒಗ್ಗರಣೆಗೂ ಹಾಕಿ, ಜಡೆಗೂ ಹಚ್ಚುತ್ತಿದ್ದವರು. ಅವರನ್ನು ಯಾರೂ ಕೇಳಿರಲಿಲ್ಲ.

ಆದರೆ ಈ ಊರಿನ ನಿಜವಾದ ಎಣ್ಣೆ ರಾಜಕೀಯ ನೋಡಬೇಕಾದರೆ ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಬೇಕು. ಸಹಕಾರ ಸಂಘದ ತಗಡಿನ ಬೋರ್ಡು, ಬೆರಳಚ್ಚು ಒತ್ತಿಸಿಕೊಳ್ಳುವ ಸಣ್ಣ ಯಂತ್ರ, ಚೀಲಗಳನ್ನೇ ಸಾಲಿನಲ್ಲಿಟ್ಟು ನೆರಳಿಗೆ ಹೋಗಿ ಕೂತ ಅಜ್ಜಿಯರು. ಅಕ್ಕಿ 2011ರಿಂದ ಬಿಟ್ಟಿ. ತೊಗರಿಬೇಳೆ ಕಿಲೋಗೆ ₹30. ಅದರ ಜತೆಗೆ ಒಂದು ಲೀಟರಿನ ಹಳದಿ ಪೊಟ್ಟಣ, ₹25ಕ್ಕೆ. ಅದು ತಾಳೆ ಎಣ್ಣೆ. ಮಲೇಷ್ಯಾ, ಇಂಡೊನೇಷ್ಯಾಗಳಿಂದ ಹಡಗೇರಿ ಬಂದ ಎಣ್ಣೆಯನ್ನು, ಕಿಟಕಿಯಿಂದ ತೆಂಗಿನೆಣ್ಣೆಯ ವಾಸನೆ ಒಳಗೆ ಬರುವ ಅಂಗಡಿಯಲ್ಲಿ ಹಂಚುತ್ತಾರೆ. 2007ರಲ್ಲಿ ಶುರುವಾದ ಈ ಪಾಮಾಯಿಲ್ ಹಂಚಿಕೆಯನ್ನು ನಿಲ್ಲಿಸಿ ತೆಂಗಿನೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಕೊಡಿ ಎಂದು ಈ ಸೀಮೆಯ ರೈತರು ಎಷ್ಟೋ ಸಲ ಧರಣಿ ಕೂತಿದ್ದಾರೆ, ತೆಂಗಿನಕಾಯಿ ಒಡೆದು ಪ್ರತಿಭಟಿಸಿದ್ದಾರೆ. ಬೆಲೆ ಕುಸಿದಾಗ ಈ ಬೇಡಿಕೆ ಜೋರು, ಬೆಲೆ ಏರಿದಾಗ ದನಿ ಸಣ್ಣದು. ಅವರ ಸಂಕಟ ನ್ಯಾಯವಾದದ್ದೇ. ಆದರೆ ಸಾಲಿನಲ್ಲಿ ನಿಂತ ಅಜ್ಜಿಯ ಸೆರಗಿನ ಗಂಟಿನಲ್ಲಿರುವುದು ₹25. 2025ರ ತೆಂಗಿನೆಣ್ಣೆ ದರದಲ್ಲಿ ಆ ವ್ಯತ್ಯಾಸ ತುಂಬಿಕೊಡಲು ಯಾವ ಸರ್ಕಾರದ ಖಜಾನೆಗೂ ಎದೆಗಾರಿಕೆ ಬರುವುದು ಕಷ್ಟ ಅಂತ ನನಗನ್ನಿಸಿತು. ಅಜ್ಜಿಯನ್ನೇ ಕೇಳಿದೆ. ಹಪ್ಪಳ ಕರಿಯಲು ಇದು, ಕುಳಂಬಿಗೆ ಅದು ಎಂದು ಎರಡಕ್ಕೂ ಜಾಗ ಮಾಡಿಕೊಟ್ಟು ಮುಂದೆ ಸರಿದಳು.

ತೆಂಗಿನ ಮರದ ಇನ್ನೊಂದು ಫಲದ ಬಗ್ಗೆ ಇಲ್ಲಿ ತಗ್ಗಿದ ದನಿಯಲ್ಲೇ ಮಾತು. ತಮಿಳುನಾಡಿನಲ್ಲಿ ಹೆಂಡ ಇಳಿಸುವುದು 1987ರಿಂದ ನಿಷಿದ್ಧ. 2003ರಿಂದ ಬಾಟಲಿಯ ಮದ್ಯವನ್ನು ಸರ್ಕಾರವೇ ಟಾಸ್ಮಾಕ್ ಅಂಗಡಿಗಳಲ್ಲಿ ಮಾರುತ್ತದೆ. ನಮ್ಮ ಮರದ್ದು ಪಾಪ, ನಿಮ್ಮ ಬಾಟಲಿಯದು ಆದಾಯವೋ ಎಂದು ಕೊಂಗು ರೈತ ಕೇಳುತ್ತಲೇ ಬಂದಿದ್ದಾನೆ. ಇಲ್ಲಿಯ ರೈತರ ಪ್ರತಿಭಟನೆಗೆ ಒಂದು ಚೇಷ್ಟೆಯ ಚರಿತ್ರೆಯೂ ಇದೆ: ಪಕ್ಕದ ಮೊಡಕ್ಕುರಿಚ್ಚಿ ಕ್ಷೇತ್ರದಲ್ಲಿ 1996ರ ವಿಧಾನಸಭಾ ಚುನಾವಣೆಗೆ ರೈತರು ಪ್ರತಿಭಟನೆಗೆಂದೇ ಸಾಲುಗಟ್ಟಿ ನಾಮಪತ್ರ ಹಾಕಿದ್ದರಿಂದ 1,033 ಅಭ್ಯರ್ಥಿಗಳು ಕಣದಲ್ಲಿದ್ದು, ಮತಪತ್ರ ಪುಸ್ತಕದಷ್ಟಾಗಿ, ಮತದಾನವನ್ನೇ ಮುಂದೂಡಬೇಕಾಯಿತು.

ಮಧ್ಯಾಹ್ನದ ಬಿಸಿಲಿಗೆ ಪೇಟೆ ಮಂಕಾದಾಗ ನಗರಸಭೆಯ ಕಚೇರಿಯ ನೆರಳು ಹಿತ. ಬೇವಿನ ಮರದ ಕೆಳಗೆ ನಿಲ್ಲಿಸಿದ ಕಸದ ಆಟೋಗಳು, ನೋಟಿಸ್ ಬೋರ್ಡಿನಲ್ಲಿ ಅಂಗಡಿ ಹರಾಜಿನ, ಸುಂಕ ವಸೂಲಿ ಗುತ್ತಿಗೆಯ ಪ್ರಕಟಣೆಗಳು ಒಂದರ ಮೇಲೊಂದು. ಬಸ್‌ಸ್ಟ್ಯಾಂಡಿನ ಅಂಗಡಿ ಬಾಡಿಗೆ, ಸಂತೆಯ ಸುಂಕ, ಮನೆಗಂದಾಯ, ಇವೇ ಸಣ್ಣ ನಗರಸಭೆಯ ಅನ್ನ. ಇಲ್ಲಿ 18 ವಾರ್ಡು. ಸದಸ್ಯರನ್ನು ಜನ ಆರಿಸುತ್ತಾರೆ, ಅಧ್ಯಕ್ಷರನ್ನು ಸದಸ್ಯರು ಆರಿಸುತ್ತಾರೆ. ಅರ್ಧದಷ್ಟು ಸ್ಥಾನ ಹೆಂಗಸರಿಗೆ. ತಮಿಳುನಾಡಿನ ನಗರಗಳಲ್ಲಿ 2011ರ ನಂತರ ಮತದಾನವಾದದ್ದು 2022ರ ಫೆಬ್ರುವರಿ 19ರಂದು. 2016ಕ್ಕೆ ಅವಧಿ ಮುಗಿದ ಮೇಲೆ ಐದು ವರ್ಷಕ್ಕೂ ಮೇಲೆ ಅಧಿಕಾರಿಗಳದೇ ರಾಜ್ಯ. ಬೆಂಗಳೂರಿನಿಂದ ಬಂದವರು ಇದಕ್ಕೆ ಮೂಗು ಮುರಿಯುವ ಹಾಗಿಲ್ಲ. ನಮ್ಮ ಪಾಲಿಕೆಯ ಚುನಾಯಿತ ಸಭೆ 2020ರ ಸೆಪ್ಟೆಂಬರಿಗೆ ಮುಗಿಯಿತು. ಹೊಸ ಸಭೆ ಬರುವ ಮೊದಲು ಪಾಲಿಕೆಯೇ ಹೋಗಿ, 2025ರಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು.

ಮತ ಎಣಿಸಿ ಎರಡು ತಿಂಗಳು ತುಂಬುವ ಮೊದಲೇ, 2022ರ ಏಪ್ರಿಲ್ ಆರಂಭದಲ್ಲಿ, ಆಸ್ತಿ ತೆರಿಗೆ ಏರಿತು. 600 ಚದರಡಿಯೊಳಗಿನ ಮನೆಗೆ ಶೇ 25, 1,800 ಚದರಡಿ ದಾಟಿದ ಮನೆಗೆ ಶೇ 100. ಅಂಗಡಿಗೆ, ಅಳತೆ ಯಾವುದೇ ಇರಲಿ, ಶೇ 100. ಅಂದರೆ ದುಪ್ಪಟ್ಟು. ಪೇಟೆಬೀದಿಯ ಕಟ್ಟಡಗಳ ಯಜಮಾನರು ಅದನ್ನು ಬಾಡಿಗೆಗೆ ಸೇರಿಸಿದರು, ಬಾಡಿಗೆದಾರರು ಸರಕಿನ ಬೆಲೆಗೆ. ಪಾತ್ರೆ ಅಂಗಡಿಯವನು ಹಿತ್ತಾಳೆ ಚೊಂಬು ಒರೆಸುತ್ತ, ವಾರ್ಡಿನ ಸದಸ್ಯರು ಮದುವೆ, ಮುಡಿ, ಸಾವು ಎಲ್ಲಕ್ಕೂ ಬರುತ್ತಾರೆ, ಚರಂಡಿ ತುಂಬಿದರೆ ಫೋನೂ ಎತ್ತುತ್ತಾರೆ, ಆದರೆ ತೆರಿಗೆ ಇವರ ಕೈಯಲ್ಲಿಲ್ಲ ಸಾರ್, ಅದು ಚೆನ್ನೈ, ಇದು ದೆಹಲಿ ಎಂದು ಎರಡು ದಿಕ್ಕಿಗೆ ಕೈ ತೋರಿಸಿದ. ಅವನು ಚೆನ್ನೈ ಎಂದು ತೋರಿಸಿದ್ದು ನಿಜವಾಗಿ ಧಾರಾಪುರದ ದಿಕ್ಕು.

ತೆರಿಗೆಯ ಮೇಲೆ ಈ ಮಣ್ಣಿಗೆ ಹಳೆಯ ಸಿಟ್ಟಿದೆ, ಮತ್ತು ಆ ಸಿಟ್ಟಿನ ಕತೆಯಲ್ಲಿ ವಸೂಲಿಗಾರರು ನಾವೇ. ಕೊಂಗು ನಾಡು ಮೈಸೂರಿನ ಆಳ್ವಿಕೆಯಲ್ಲಿದ್ದ ಕಾಲ. ಕಂದಾಯದ ಹಣ ಹೊತ್ತು ಮೈಸೂರಿಗೆ ಹೊರಟಿದ್ದ ದಿವಾನರ ಜನರನ್ನು ತಡೆದು, ಹಣ ಕಿತ್ತುಕೊಂಡು ಬಡವರಿಗೆ ಹಂಚಿದ ಯುವಕನೊಬ್ಬ, ಚೆನ್ನಿಮಲೈಗೂ ಶಿವನ್‌ಮಲೈಗೂ ನಡುವೆ ಇರುವ ಚಿನ್ನಮಲೈ ಕಿತ್ತುಕೊಂಡ ಎಂದು ಹೇಳಿ ಹೋಗು ಅಂದನಂತೆ. 1756ರಲ್ಲಿ ಕಾಂಗೇಯಂ ಬಳಿಯ ಮೇಲಪಾಳಯದಲ್ಲಿ ಹುಟ್ಟಿದ ಧೀರನ್ ಚಿನ್ನಮಲೈ ಇವನು. ಮೈಸೂರಿನ ದುಡ್ಡು ಕಿತ್ತುಕೊಂಡವನೇ ಮುಂದೆ ಟಿಪ್ಪುವಿನ ಜತೆಗೂಡಿ ಇಂಗ್ಲಿಷರ ಮೇಲೆ ಕಾದಾಡಿದ. 1805ರಲ್ಲಿ ಸಂಕಗಿರಿ ಕೋಟೆಯಲ್ಲಿ ಅವನನ್ನು ಗಲ್ಲಿಗೇರಿಸಿದರು. ಈಗ ಅವನ ಹೆಸರು ಎಲ್ಲ ಪಕ್ಷಗಳ ಪೋಸ್ಟರಿಗೂ ಬೇಕು.

ಕನ್ನಡಕ್ಕೂ ಈ ಸೀಮೆಗೂ ಇನ್ನೂ ನಂಟುಗಳಿವೆ. ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಂದರೆ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗೂ ಕಾಂಗೇಯದ ದನದ ವ್ಯಾಪಾರಿಗೂ ಒಬ್ಬನೇ ಕಲೆಕ್ಟರು. ನೆಗಮಂ, ಸಿರುಮುಗೈಗಳ ದೇವಾಂಗ ನೇಕಾರರ ಮನೆಯೊಳಗೆ ಇವತ್ತಿಗೂ ಕನ್ನಡವೇ. ಈರೋಡಿನ ಪೇಟೆಯಲ್ಲಿ ಮಂಡಿ ವ್ಯಾಪಾರ ಮಾಡುತ್ತಿದ್ದ, ಮನೆಮಾತು ಕನ್ನಡವಾಗಿದ್ದ ಕುಟುಂಬದ ಒಬ್ಬ ಮಗ 1918ರಲ್ಲಿ ಆ ಊರಿನ ಮುನಿಸಿಪಲ್ ಅಧ್ಯಕ್ಷನಾಗಿ ನಲ್ಲಿ ನೀರಿನ ಕೆಲಸಕ್ಕೆ ಕೈಹಾಕಿದ. ಅಂಗಡಿ, ಮುನಿಸಿಪಾಲಿಟಿ, ಆಮೇಲೆ ಕಾಂಗ್ರೆಸ್ಸು, ಆಮೇಲೆ ಅದನ್ನೂ ಬಿಟ್ಟು ಸ್ವಾಭಿಮಾನದ ಚಳವಳಿ. ಅವನೇ ಪೆರಿಯಾರ್ ಇ.ವಿ. ರಾಮಸಾಮಿ. 1979ರಲ್ಲಿ ಕೊಯಮತ್ತೂರಿನಿಂದ ಸೀಳಿದ ಹೊಸ ಜಿಲ್ಲೆಗೆ ಪೆರಿಯಾರ್ ಹೆಸರೇ ಬಂತು, ತೊಂಬತ್ತರ ದಶಕದಲ್ಲಿ ಅದು ಹೋಗಿ ಈರೋಡ್ ಎಂದಾಯಿತು. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಕಾಂಗೇಯಂ ಅದಕ್ಕೆ ಸೇರಿತು. ಕೂತಲ್ಲಿಂದ ಕದಲದ ಊರಿನ ವಿಳಾಸ ಹೀಗೆ ಬದಲಾಗುತ್ತ ಬಂದದ್ದನ್ನು ಹಳೆಯ ಅಂಗಡಿಗಳ ಬಿಲ್‌ಪುಸ್ತಕಗಳಲ್ಲಿ ಓದಬಹುದು.

ಶನಿವಾರದ ಸಂಜೆ ಪೇಟೆಗೆ ಬೇರೆಯೇ ಜೀವ. ಸುಮಾರು 25 ಕಿಲೋಮೀಟರ್ ದೂರದ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ವಾರದ ಸಂಬಳ ಬಟವಾಡೆಯಾಗುವ ದಿನ. ಕತ್ತಲಾಗುತ್ತಿದ್ದಂತೆ ಕಂಪನಿ ವ್ಯಾನುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಇಳಿಯುವ ಹೆಣ್ಣುಮಕ್ಕಳ ತಲೆಯಲ್ಲಿ, ಭುಜದ ಮೇಲೆ ಹತ್ತಿಯ ಸಣ್ಣ ಎಳೆಗಳು ಇನ್ನೂ ಅಂಟಿಕೊಂಡಿವೆ. ಬೇಕರಿಯ ಮುಂದೆ ಟೀ, ಮೊಟ್ಟೆ ಪಫ್ಸು; ಅಲ್ಲಿಂದ ತರಕಾರಿ, ಮಗುವಿಗೆ ಚಪ್ಪಲಿ, ಅತ್ತೆಗೆ ಮಾತ್ರೆ, ತಮಗೆ ಒಂದು ಮೊಳ ಮಲ್ಲಿಗೆ. ಹೂವಿನವಳು ಫುಟ್‌ಪಾತಿನಲ್ಲಿ ಕೂತು ಮೊಣಕೈಗೆ ಅಳೆದು ಕತ್ತರಿಸುತ್ತಾಳೆ. ಅವಳ ಮೊಣಕೈ ಗಿಡ್ಡ ಎಂದು ಒಬ್ಬಳು ತಕರಾರು ತೆಗೆದರೆ, ನಿನ್ನ ಜಡೆಯೂ ಗಿಡ್ಡವೇ ಎಂಬ ಉತ್ತರ. ಸುಂಕದ ಗುತ್ತಿಗೆಯ ಹುಡುಗ ಚೀಟಿ ಹರಿದು ಕೊಡುತ್ತಾನೆ; ಅವಳು ಅದನ್ನು ಓದದೆ ಬುಟ್ಟಿಯ ಕೆಳಗೆ ತುರುಕುತ್ತಾಳೆ. ಬೀದಿ ವ್ಯಾಪಾರಿಗಳ 2014ರ ಕಾನೂನಿನ ಪ್ರಕಾರ ಯಾರು ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಪಟ್ಟಣ ಸಮಿತಿಯಲ್ಲಿ ಶೇ 40ರಷ್ಟು ಜನ ಇವಳಂಥ ವ್ಯಾಪಾರಿಗಳೇ ಇರಬೇಕು, ಅವರಲ್ಲೂ ಮೂರರಲ್ಲೊಬ್ಬರು ಹೆಂಗಸರು. ಇವಳಿಗೆ ಗೊತ್ತಿದ್ದದ್ದು ಸಮಿತಿಯಲ್ಲ. ಮಳೆ ಬಂದರೆ ಯಾವ ಅಂಗಡಿಯವನು ಸೂರಿನ ಕೆಳಗೆ ಬಿಟ್ಟುಕೊಳ್ಳುತ್ತಾನೆ, ಯಾವನು ಬಿಡುವುದಿಲ್ಲ ಎಂಬುದು.

2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಸರಕಿನ ಮೇಲೆ ಶೇ 50 ಸುಂಕ ಹಾಕಿದಾಗ ತಿರುಪ್ಪೂರಿನ ಆರ್ಡರುಗಳು ತಡೆದು ನಿಂತವು, ಓವರ್‌ಟೈಂ ಕಡಿಮೆಯಾಯಿತು. ಇಲ್ಲಿ ಶನಿವಾರದ ಮಲ್ಲಿಗೆ ಮೊಳದಿಂದ ಗೇಣಿಗೆ ಇಳಿದದ್ದು ಹೂವಿನವಳಿಗೇ ಮೊದಲು ತಿಳಿಯಿತು.

ರಾತ್ರಿ ಒಂಬತ್ತರ ಮೇಲೆ ಎಣ್ಣೆ ಅಂಗಡಿಯವರು ಅರ್ಧ ಶಟರ್ ಇಳಿಸಿ ಲೆಕ್ಕಕ್ಕೆ ಕೂರುತ್ತಾರೆ. ಗೋಡೆಯ ಮೇಲೆ ಶಿವನ್‌ಮಲೈ ಮುರುಗನ ಫೋಟೊ. ಊರಿಂದ ಐದಾರು ಕಿಲೋಮೀಟರಿನ ಆ ಬೆಟ್ಟದ ಗುಡಿಯಲ್ಲಿ ಒಂದು ಗಾಜಿನ ಪೆಟ್ಟಿಗೆಯಿದೆ. ಆಂಡವನ್ ಉತ್ತರವು ಪೆಟ್ಟಿ, ದೇವರ ಅಪ್ಪಣೆಯ ಪೆಟ್ಟಿಗೆ. ಯಾವ ಊರಿನ ಯಾವ ಭಕ್ತನ ಕನಸಿನಲ್ಲಾದರೂ ಮುರುಗ ಬಂದು ಇಂಥ ವಸ್ತು ಇಡು ಅನ್ನಬಹುದು. ಕನಸು ಕಂಡವರು ಬೆಟ್ಟಕ್ಕೆ ಬಂದು ಹೇಳುತ್ತಾರೆ, ಅರ್ಚಕರು ದೇವರ ಮುಂದೆ ಹೂ ಕೇಳುತ್ತಾರೆ, ಅಪ್ಪಣೆಯಾದರೆ ಹಳೆಯ ವಸ್ತು ತೆಗೆದು ಹೊಸದನ್ನು ಇಡುತ್ತಾರೆ. ಅಕ್ಕಿ, ಉಪ್ಪು, ಅರಿಶಿನ, ಚಿನ್ನ, ಮಣ್ಣು, ನೀರು, ಏನೆಲ್ಲ ಕೂತಿದೆಯೋ ಅಲ್ಲಿ. ಸುನಾಮಿಗೆ ಮುಂಚೆ ನೀರು ಇಟ್ಟಿದ್ದರು ಅನ್ನುತ್ತಾರೆ. ಭಕ್ತರು ಅದರಲ್ಲಿ ನಾಡಿನ ಭವಿಷ್ಯ ನೋಡಿದರೆ ಪೇಟೆಯವರು ದರ ನೋಡುತ್ತಾರೆ. ಅರಿಶಿನ ಇಟ್ಟ ಸುದ್ದಿ ಬಂದರೆ ಏರುತ್ತದೆಂದು ಕೆಲವರು ದಾಸ್ತಾನು ಮಾಡುತ್ತಾರೆ, ಇಳಿಯುತ್ತದೆಂದು ಕೆಲವರು ಮಾರಿಬಿಡುತ್ತಾರೆ, ಎರಡೂ ಕಡೆಯವರಿಗೂ ಮುರುಗನ ಮೇಲೆ ನಂಬಿಕೆ ಒಂದೇ.

“ಕೊಬ್ಬರಿ ಇಟ್ಟರೆ ಏನು ಮಾಡುತ್ತೀರಿ?” ಎಂದು ಯಜಮಾನರನ್ನು ಕೇಳಿದೆ.

ಅವರು ಹತ್ತರ ನೋಟುಗಳ ಕಟ್ಟಿಗೆ ರಬ್ಬರ್ ಹಾಕಿ, ಮುರುಗನ ಫೋಟೊಗೆ ಒಂದು ಕೈ ಎತ್ತಿ ಮುಗಿದು, ಇನ್ನೊಂದು ಕೈಯಲ್ಲಿ ಮೊಬೈಲ್ ತೆಗೆದರು. “ಮುರುಗನ್ ಹೇಳುವುದನ್ನು ಅರ್ಥ ಮಾಡಿಕೊಳ್ಳಲು ಆರು ತಿಂಗಳು ಬೇಕು ಸಾರ್. ಜಿಎಸ್‌ಟಿಯವರಿಗೆ ತಿಂಗಳ ಇಪ್ಪತ್ತಕ್ಕೆ ಕಟ್ಟಬೇಕು. ಅದಿರಲಿ, ನೀವು ಆ ಕಡೆಯವರಲ್ಲವೇ, ತಿಪಟೂರಲ್ಲಿ ಇವತ್ತು ಎಷ್ಟಕ್ಕೆ ಹೋಯಿತು?”